ಕೋಳಿಮನೆಯ ಸ್ಟುಡಿಯೋ

ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಹುಟ್ಟಿದ್ದು 1815ರಲ್ಲಿ, ಕೊಲ್ಕತ್ತದಲ್ಲಿ. ಮುಂದೆ ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ ನೆಲೆಸಿದರು. 1863ರಲ್ಲಿ ಮಗಳು, ಅಳಿಯ ಅವರಿಗೆ ಕ್ಯಾಮರಾವೊಂದನ್ನು ಉಡುಗೊರೆಯಾಗಿ ಕೊಟ್ಟಾಗ ಅವರ ವಯಸ್ಸು 48. (ಅವರ ಹೆಸರಿಗೂ ಕ್ಯಾಮರಾಕ್ಕೂ ಸಂಬಂಧವಿಲ್ಲ, ಮಕ್ಕಳೇ!)

ಆಗ ಫಿಲ್ಮ್ ಸುರುಳಿ ಇರಲಿಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಹರಡಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆಯಬೇಕಿತ್ತು. ಮೊದಲ ಚಿತ್ರ ಅವರದೇ ಕೈ ತಾಗಿ ಅಳಿಸಿಹೋಯಿತು. ಅವರು ಬಿಡಲಿಲ್ಲ. ಕೋಳಿಮನೆ ಸ್ಟುಡಿಯೋ ಆಯಿತು, ಕಲ್ಲಿದ್ದಲಿನ ಕೋಣೆ ಕತ್ತಲಕೋಣೆಯಾಯಿತು. 1864ರ ಜನವರಿಯಲ್ಲಿ ಆನಿ ಎಂಬ ಬಾಲಕಿಯ ಚಿತ್ರ ಚೆನ್ನಾಗಿ ಮೂಡಿತು.

ಆಗಿನ ಸ್ಟುಡಿಯೋಗಳಲ್ಲಿ ಕಂಬ, ಪರದೆಗಳ ನಡುವೆ ಜನರನ್ನು ಅಡಿಯಿಂದ ಮುಡಿಯವರೆಗೆ ತೋರಿಸುವುದೇ ರೂಢಿ. ಇವರು ಕ್ಯಾಮರಾವನ್ನು ಹತ್ತಿರ ತಂದರು. ಚೌಕಟ್ಟಿನ ತುಂಬ ಮುಖ, ಹಿಂದೆ ಕಪ್ಪು, ಬೆಳಕು ಒಂದೇ ಪಕ್ಕದಿಂದ. ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ನೆರಳು ಬಿದ್ದರೆ ಮುಖ ದುಂಡಗೆ ಎದ್ದು ಕಾಣುತ್ತದೆ. ಗೆಳೆಯರನ್ನು ಕಿಟಕಿಯ ಪಕ್ಕ ಕೂರಿಸಿ ನೋಡಿ, ತಿಳಿಯುತ್ತದೆ.

ಚಿತ್ರಕ್ಕೆ ಕುಳಿತವರು ಕೆಲವು ನಿಮಿಷ ಅಲುಗಾಡುವಂತಿರಲಿಲ್ಲ. ಸ್ವಲ್ಪ ಅಲುಗಿದರೂ ಚಿತ್ರ ಮಸುಕು. ವಿಮರ್ಶಕರು ಆ ಮಸುಕನ್ನೇ ಹಿಡಿದು ಹೀಗಳೆದರು. ಜೂಲಿಯಾ ತಮ್ಮ ದಾರಿ ಬದಲಿಸಲಿಲ್ಲ. 1867ರಲ್ಲಿ ಅವರು ತೆಗೆದ ವಿಜ್ಞಾನಿ ಜಾನ್ ಹರ್ಷೆಲ್ ಅವರ ಚಿತ್ರದಲ್ಲಿ ಕತ್ತಲೊಳಗಿಂದ ಬಿಳಿಗೂದಲು ಹೊಳೆಯುತ್ತದೆ. ಛಾಯಾಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋ ದ್ರಾವಣದ ಉಪಯೋಗ ತೋರಿಸಿಕೊಟ್ಟವರು ಇದೇ ಹರ್ಷೆಲ್!

1875ರಲ್ಲಿ ಜೂಲಿಯಾ ಸಿಲೋನಿಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ ಹೋದರು. ಅಲ್ಲಿಯೂ ಚಿತ್ರ ತೆಗೆದರು. 1879ರಲ್ಲಿ ಅಲ್ಲಿಯೇ ನಿಧನರಾದರು.