ಅಬ್ಬೂರಿನ ದನಗಾಹಿ ಬಾಲಕ

ಚನ್ನಪಟ್ಟಣವೆಂದರೆ ಬೊಂಬೆ, ರಾಮನಗರವೆಂದರೆ ರೇಷ್ಮೆಗೂಡು, ಮಾಗಡಿಯೆಂದರೆ ಕೆಂಪೇಗೌಡರು ಎಂದು ಹೊರಗಿನವರು ತಟ್ಟನೆ ಹೇಳಿಬಿಡುತ್ತಾರೆ. ಹರಿದಾಸರ ಮಾತು ಬಂದಾಗ, ಪುರಂದರದಾಸರು ದೊಡ್ಡಮಳೂರಿನ ಅಂಬೆಗಾಲು ಕೃಷ್ಣನನ್ನು ಕಂಡು ಹಾಡಿದರೆಂಬ ಕಥೆಯನ್ನು ನಾವೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಪುರಂದರದಾಸರ ಗುರುಗಳಿಗೆ ವಿದ್ಯೆ ಕಲಿಸಿದವರು, ಇದೇ ಚನ್ನಪಟ್ಟಣದ ಹತ್ತಿರದ ಅಬ್ಬೂರಿನಲ್ಲಿ ಬಾಲ್ಯದಲ್ಲಿ ದನ ಕಾಯುತ್ತಿದ್ದವರೆಂಬುದು ನಮ್ಮ ತರಗತಿಯಲ್ಲಿಯೇ ಎಷ್ಟೋ ಮಂದಿಗೆ ತಿಳಿಯದು. ಎರಡು ವರ್ಷಗಳ ಹಿಂದೆ ನನಗೂ ತಿಳಿದಿರಲಿಲ್ಲ.

ಅವರೇ ಶ್ರೀಪಾದರಾಜರು. ಹದಿನೈದನೆಯ ಶತಮಾನದವರು. ತಂದೆ ಶೇಷಗಿರಿಯಪ್ಪ, ತಾಯಿ ಗಿರಿಯಮ್ಮ. ಮಗುವಿಗೆ ಇಟ್ಟ ಹೆಸರು ಲಕ್ಷ್ಮೀನಾರಾಯಣ. ಬಡತನದ ಸಂಸಾರ. ಹುಡುಗ ದನಗಳ ಹಿಂದೆ ಹೋಗುತ್ತಿದ್ದ.

ಒಂದು ಸಂಜೆ ಶ್ರೀರಂಗದ ಸ್ವರ್ಣವರ್ಣತೀರ್ಥರೆಂಬ ಯತಿಗಳು ಪಲ್ಲಕ್ಕಿಯಲ್ಲಿ ಆ ದಾರಿಯಾಗಿ ಬಂದರಂತೆ. ಅಬ್ಬೂರು ಇನ್ನೆಷ್ಟು ದೂರವೆಂದು ಈ ಹುಡುಗನನ್ನು ಕೇಳಿದರು. ಹುಡುಗ ದೂರವನ್ನು ಹೇಳಲಿಲ್ಲ. ಮುಳುಗುವ ಸೂರ್ಯನನ್ನು ನೋಡಿ, ಮೇಯುವ ದನಗಳನ್ನು ನೋಡಿ, ಅವನ್ನು ಕಾಯುವ ನಮ್ಮ ವಯಸ್ಸನ್ನು ನೋಡಿ, ಊರು ಎಷ್ಟು ದೂರವಿದ್ದೀತೆಂದು ನೀವೇ ಲೆಕ್ಕ ಹಾಕಿಕೊಳ್ಳಿ ಎಂಬ ಅರ್ಥ ಬರುವಂತೆ ಉತ್ತರಿಸಿದನಂತೆ. ಇದು ಐತಿಹ್ಯ, ಆದರೆ ದನ ಕಾದು ಬಲ್ಲ ನನಗೆ ಇದರಲ್ಲಿ ಅಸಹಜವೇನೂ ಕಾಣುವುದಿಲ್ಲ. ಕತ್ತಲಾಗುವ ಹೊತ್ತಿಗೆ ಚಿಕ್ಕ ಮಕ್ಕಳು ಊರಿನಿಂದ ದೂರವಿರುವುದುಂಟೇ? ಯತಿಗಳು ಬೆರಗಾಗಿ, ಹುಡುಗನನ್ನು ತಮಗೆ ಕೊಡಬೇಕೆಂದು ತಂದೆತಾಯಿಗಳನ್ನು ಕೇಳಿದರು. ಅವರು ಒಪ್ಪಿದರು. ಮಗನನ್ನು ಬಿಟ್ಟುಕೊಡುವಾಗ ಗಿರಿಯಮ್ಮನವರಿಗೆ ಏನನ್ನಿಸಿತೋ! ನಾನು ಹಾಸ್ಟೆಲಿಗೆ ಹೊರಟ ದಿನ ನಮ್ಮವ್ವ ಬಾಗಿಲಿಗೇ ಬರಲಿಲ್ಲ.

ಹುಡುಗ ವೇದಾಂತ, ವ್ಯಾಕರಣಗಳನ್ನು ಕಲಿತು, ಸಂನ್ಯಾಸ ಪಡೆದು ಲಕ್ಷ್ಮೀನಾರಾಯಣತೀರ್ಥರಾದರು. ವಿಬುಧೇಂದ್ರತೀರ್ಥರ ಬಳಿಯೂ ವ್ಯಾಸಂಗ ಮಾಡಿದರು. ಜಯತೀರ್ಥರ ಕಠಿಣವಾದ ನ್ಯಾಯಸುಧೆಯನ್ನು ಪಂಡಿತರ ಸಭೆಯಲ್ಲಿ ವಿವರಿಸಿದ ರೀತಿಗೆ ಮೆಚ್ಚಿ ಹಿರಿಯರು ಶ್ರೀಪಾದರಾಜರೆಂಬ ಬಿರುದನ್ನಿತ್ತರೆಂದು ಹೇಳುತ್ತಾರೆ. ಆ ಗ್ರಂಥದ ಮೇಲೆ ಸಂಸ್ಕೃತದಲ್ಲಿ ವಾಗ್ವಜ್ರವೆಂಬ ಕೃತಿಯನ್ನೂ ಬರೆದರು.

ಇಷ್ಟಕ್ಕೇ ನಿಂತಿದ್ದರೆ ಅವರ ಹೆಸರು ಪಂಡಿತರ ನಡುವೆ ಮಾತ್ರ ಉಳಿಯುತ್ತಿತ್ತು. ಆದರೆ ಅವರು ಕನ್ನಡದಲ್ಲಿ ಹಾಡು ಕಟ್ಟತೊಡಗಿದರು. ಆಗ ಮಠದ ಭಾಷೆ ಸಂಸ್ಕೃತ. ವಾದವೂ ಅದರಲ್ಲಿ, ಸ್ತೋತ್ರವೂ ಅದರಲ್ಲಿ. ನರಹರಿತೀರ್ಥರು ಹಿಂದೆಯೇ ಕನ್ನಡದಲ್ಲಿ ಕೆಲವು ಹಾಡುಗಳನ್ನು ರಚಿಸಿದ್ದರೂ ಅದು ಬೆಳೆದಿರಲಿಲ್ಲ. ಶ್ರೀಪಾದರಾಜರು ರಂಗವಿಠಲ ಎಂಬ ಅಂಕಿತವಿಟ್ಟು ಕೀರ್ತನೆ, ಬೇರೆ ಬೇರೆ ತಾಳಗಳಲ್ಲಿ ಸಾಗುವ ಸುಳಾದಿ, ತಾಳದ ಕಟ್ಟಿಲ್ಲದ ಉಗಾಭೋಗಗಳನ್ನು ರಚಿಸಿದರು. ಪೂಜೆಯ ವೇಳೆಯಲ್ಲಿಯೇ ಕನ್ನಡದ ಹಾಡುಗಳನ್ನು ಹಾಡಿಸಿದರೆಂದು ಪ್ರತೀತಿ. ಸಂಸ್ಕೃತ ಬಾರದವನಿಗೆ ಕನ್ನಡವಲ್ಲದೆ ಬೇರೆ ಗತಿಯಿಲ್ಲ. ಶ್ರೀಪಾದರಾಜರಿಗೆ ಸಂಸ್ಕೃತ ಕರತಲಾಮಲಕವಾಗಿತ್ತು. ಆದರೂ ಕನ್ನಡವನ್ನು ಬಿಡಲಿಲ್ಲ. ಈ ಸಂಗತಿಯೇ ನನಗೆ ಬಹು ದೊಡ್ಡದೆನಿಸುತ್ತದೆ. ನಾಲ್ಕು ಅಕ್ಷರ ಕಲಿತೊಡನೆ ಮನೆಯ ಮಾತಿಗೆ ನಾಚಿಕೊಂಡವರಲ್ಲಿ ನಾನೂ ಒಬ್ಬ.

ಅವರ ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳು ಭಾಗವತದಿಂದ ಬಂದವು. ಕೊಳಲ ದನಿಗೆ ಕಿವಿಗೊಡುವ ಗೋಪಿಯರು, ಕೃಷ್ಣ ಮಧುರೆಗೆ ಹೋದ ಮೇಲೆ ದುಂಬಿಯೊಡನೆ ದುಃಖ ತೋಡಿಕೊಳ್ಳುವ ಗೋಪಿಯರು, ಇವರೇ ಅಲ್ಲಿನ ಪಾತ್ರಗಳು. ಅಷ್ಟು ದೊಡ್ಡ ಪುರಾಣದಲ್ಲಿ ಗೊಲ್ಲರ ಹಟ್ಟಿಯ ಈ ಭಾಗಗಳನ್ನೇ ಅವರು ಆರಿಸಿಕೊಂಡದ್ದಕ್ಕೆ ಅಬ್ಬೂರಿನ ಗೋಮಾಳವೂ ಕಾರಣವಿರಬಹುದೆಂದು ನನ್ನ ಊಹೆ. ವಿದ್ವಾಂಸರು ಒಪ್ಪುವರೋ ಇಲ್ಲವೋ ಕಾಣೆ.

ಮುಂದೆ ಅವರು ಮುಳುಬಾಗಿಲಿನಲ್ಲಿ ನೆಲೆಸಿದರು. ಇತ್ತ ಅಬ್ಬೂರಿನಲ್ಲಿ ಅವರ ಬಂಧುಗಳೇ ಆದ ಬ್ರಹ್ಮಣ್ಯತೀರ್ಥರು ಮಠಾಧಿಪತಿಗಳಾಗಿದ್ದರು. ಅವರ ಬೃಂದಾವನ ಕಣ್ವಾ ನದಿಯ ದಡದಲ್ಲಿದೆ. ಅವರ ಶಿಷ್ಯರಾದ ಬನ್ನೂರಿನ ತರುಣ ಯತಿಯೊಬ್ಬರು ಹೆಚ್ಚಿನ ವ್ಯಾಸಂಗಕ್ಕಾಗಿ ಮುಳುಬಾಗಿಲಿಗೆ ಹೋಗಿ ಶ್ರೀಪಾದರಾಜರ ಬಳಿ ಹಲವು ವರ್ಷ ಉಳಿದರು. ಅಲ್ಲಿ ಕಲಿತದ್ದು ಶಾಸ್ತ್ರವೊಂದನ್ನೇ ಅಲ್ಲ, ಹಾಡನ್ನೂ. ಆ ತರುಣರೇ ವ್ಯಾಸರಾಯರು. ಪುರಂದರದಾಸರಿಗೆ ದೀಕ್ಷೆಯನ್ನಿತ್ತವರು ಅವರೇ.