ನೊಣದ ರೆಕ್ಕೆಯನ್ನು ಓದಿದ ಉಪಾಧ್ಯಾಯರು

ಹೂಕುಂಡವನ್ನೋ ತೇವದ ಇಟ್ಟಿಗೆಯನ್ನೋ ಎತ್ತಿದಾಗ ಅದರ ಅಡಿಯಲ್ಲಿ ಬೂದುಬಣ್ಣದ, ಏಳು ಜೊತೆ ಕಾಲುಗಳ ಪುಟ್ಟ ಜೀವಿಗಳು ಗಡಿಬಿಡಿಯಿಂದ ಓಡುವುದನ್ನು ನಮ್ಮ ವಿದ್ಯಾರ್ಥಿಗಳು ನೋಡಿಯೇ ಇರುತ್ತಾರೆ. ಕೆಲವು ಮುಟ್ಟಿದೊಡನೆ ಉಂಡೆಯಾಗುತ್ತವೆ. ಇವಕ್ಕೆ ಇಂಗ್ಲಿಷಿನಲ್ಲಿ ವುಡ್‌ಲೌಸ್ ಎಂದು ಹೆಸರು. ಹುಳುವಿನಂತೆ ಕಂಡರೂ ಇವು ಕೀಟಗಳಲ್ಲ. ಸೀಗಡಿ, ಏಡಿಗಳ ಬಳಗಕ್ಕೆ ಸೇರಿದವು. ಯುರೋಪಿನಲ್ಲಿ ಇವುಗಳ ಒಡಲೊಳಗೆ ಮರಿಯಾಗಿ ಬೆಳೆಯುವ ಒಂದು ಸಣ್ಣ ಕಪ್ಪು ನೊಣವುಂಟು. ಹೆಣ್ಣಿನ ರೆಕ್ಕೆಯ ತುದಿ ಮಾತ್ರ ಬಿಳಿ. ಮೆಲನೊಫೊರಾ ರೊರಾಲಿಸ್ ಎಂಬುದು ಅದರ ಶಾಸ್ತ್ರೀಯ ನಾಮಧೇಯ. ಎರಡನೆಯ ಪದವನ್ನು 1758ರಲ್ಲಿ ಕೊಟ್ಟವರು ಸ್ವೀಡನ್ನಿನ ಲಿನೇಯಸ್. ಕಪ್ಪನ್ನು ಹೊತ್ತದ್ದು ಎಂಬ ಅರ್ಥದ ಮೊದಲ ಪದವನ್ನು 1803ರಲ್ಲಿ ಕೊಟ್ಟವರು ಜರ್ಮನಿಯ ಯೋಹಾನ್ ವಿಲ್‌ಹೆಲ್ಮ್ ಮೈಗೆನ್. ಅವರು ನಮ್ಮಂತೆಯೇ ಉಪಾಧ್ಯಾಯರು.

ಮೈಗೆನ್ ಅವರು 1764ನೆಯ ಮೇ 3ರಂದು ಸೋಲಿಂಗೆನ್ನಿನಲ್ಲಿ ಜನಿಸಿದರು. ಚೂರಿ ಕತ್ತಿಗಳಿಗೆ ಹೆಸರಾದ ಊರದು. ಮನೆಯಲ್ಲಿ ಎಂಟು ಮಕ್ಕಳು, ಸಂಪತ್ತೇನೂ ಇರಲಿಲ್ಲ. ಫ್ರೆಂಚ್ ಭಾಷೆ, ಸಂಗೀತ, ಚಿತ್ರಕಲೆ ಕಲಿತು, 1796ರಲ್ಲಿ ಆಖೆನ್ ನಗರದ ಬಳಿಯ ಸ್ಟೋಲ್‌ಬರ್ಗ್‌ಗೆ ಫ್ರೆಂಚ್ ಅಧ್ಯಾಪಕರಾಗಿ ಬಂದರು. ಮುಂದೆ ಅವರ ಆಯುಷ್ಯವೆಲ್ಲ ಅಲ್ಲಿಯೇ ಸವೆಯಿತು. ಶಾಲೆಯ ಕೆಲಸ, ಮನೆಪಾಠ, ಪಿಯಾನೋ ಪಾಠ. ಇವೆಲ್ಲ ಮುಗಿದ ಮೇಲೆ ಭೂತಗನ್ನಡಿ ಹಿಡಿದು ನೊಣಗಳ ಮುಂದೆ ಕೂಡುವುದು. ಸಂಜೆ ಕಾಪಿ ತಿದ್ದುವಷ್ಟರಲ್ಲೇ ಕಣ್ಣು ಮುಚ್ಚಿಬರುವ ನಮಗೆ ಇದನ್ನು ಬರೆಯುವಾಗ ತುಸು ನಾಚಿಕೆಯೇ ಆಗುತ್ತದೆ.

ಆ ಕಾಲದಲ್ಲಿ ನೊಣ, ಸೊಳ್ಳೆಗಳ ಲೋಕ ಒಂದು ಗೊಂದಲದ ಗೂಡು. ಲಿನೇಯಸ್ ಅವೆಲ್ಲವನ್ನೂ ಬರೀ 10 ಕುಲಗಳಲ್ಲಿ ಇಟ್ಟಿದ್ದರು. ಡೆನ್ಮಾರ್ಕಿನ ಫ್ಯಾಬ್ರೀಸಿಯಸ್ ಬಾಯಿಯ ಭಾಗಗಳನ್ನು ನೋಡಿ ವಿಂಗಡಿಸಿದರು. ಕೂದಲೆಳೆಯಂಥ ಆ ಭಾಗಗಳು ಕಣ್ಣಿಗೆ ನಿಲುಕುವುದೇ ಕಷ್ಟ. ಮೈಗೆನ್ ಹಿಡಿದದ್ದು ರೆಕ್ಕೆಯನ್ನು. ಸತ್ತ ನೊಣದ ರೆಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿರಿ: ಅರಳಿ ಎಲೆಯಲ್ಲಿರುವಂತೆ ನರಗಳು ಹರಡಿರುತ್ತವೆ. ಈ ನರಗಳ ಹಂಚಿಕೆ ಒಂದೊಂದು ಬಗೆಯ ನೊಣದಲ್ಲಿ ಒಂದೊಂದು ವಿಧ. ಇದನ್ನೂ ಮೀಸೆಗಳ ಆಕಾರವನ್ನೂ ಕೂಡಿಸಿ ನೋಡಿ, 1803ರ ಹೊತ್ತಿಗೆ ಅವರು ನೂರಕ್ಕೂ ಮಿಕ್ಕಿ ಕುಲಗಳನ್ನು ಬೇರ್ಪಡಿಸಿದರು.

ಇದಕ್ಕೆ ಮೊದಲು, 1800ರಲ್ಲಿ, ಪ್ಯಾರಿಸ್ಸಿನಲ್ಲಿ ಅವರದೊಂದು ಕಿರುಹೊತ್ತಗೆ ಅಚ್ಚಾಗಿತ್ತು. ಅದರಲ್ಲಿ ಬೇರೆಯೇ ಹೆಸರುಗಳಿದ್ದವು. ಯಾರೂ ಗಮನಿಸಲಿಲ್ಲ. 1908ರಲ್ಲಿ ಒಬ್ಬ ವಿದ್ವಾಂಸರು ಅದನ್ನು ಹೊರತೆಗೆದಾಗ, ಒಂದೇ ನೊಣಕ್ಕೆ ಎರಡು ಹೆಸರಾಗಿ ಪಂಡಿತರಲ್ಲಿ ದೊಡ್ಡ ಜಗಳವೆದ್ದಿತು. 1963ರಲ್ಲಿ ಆ ಹಳೆಯ ಹೆಸರುಗಳನ್ನು ಕೈಬಿಟ್ಟ ಮೇಲೆಯೇ ಅದು ತಣ್ಣಗಾದದ್ದು.

ಮೈಗೆನ್ನರ ಮಹಾಗ್ರಂಥ 1818ರಿಂದ 1838ರವರೆಗೆ ಏಳು ಸಂಪುಟಗಳಲ್ಲಿ ಹೊರಬಂದಿತು. ಮಲೇರಿಯಾ ತರುವ ಅನಾಫಿಲಿಸ್, ಡೆಂಗ್ಯೂ ತರುವ ಈಡಿಸ್ ಎಂಬ ಸೊಳ್ಳೆಗಳ ಹೆಸರುಗಳು 1818ರ ಮೊದಲ ಸಂಪುಟದವು. ಜೀವಶಾಸ್ತ್ರದ ಪುಸ್ತಕದಲ್ಲಿ ಕಾಣುವ ಹಣ್ಣುನೊಣಕ್ಕೆ ಮೆಲನೊಗ್ಯಾಸ್ಟರ್ ಎಂಬ ಹೆಸರಿಟ್ಟವರೂ ಅವರೇ, 1830ರಲ್ಲಿ. ವುಡ್‌ಲೌಸ್‌ಗಳನ್ನು ಕಾಡುವ ಇನ್ನೊಂದು ನೊಣ, ಇಂದು ರೈನೊಫೊರಾ ಲೆಪಿಡಾ ಎನಿಸಿಕೊಳ್ಳುವುದು, 1824ರ ಸಂಪುಟದಲ್ಲಿ ಅವರ ಕೈಯಿಂದಲೇ ಬೆಳಕಿಗೆ ಬಂದಿತು.

ಮೈಗೆನ್ ವರ್ಣಿಸಿದ್ದು ರೆಕ್ಕೆ ಬಂದ ನೊಣವನ್ನು. ಅದರ ಮರಿಯ ಬಾಳನ್ನು ವಿವರವಾಗಿ ಬಿಡಿಸಿದವರು ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು. ತಾಯಿನೊಣ ವುಡ್‌ಲೌಸ್‌ನ ಮೈಮೇಲೆ ಮೊಟ್ಟೆಯಿಡುವುದಿಲ್ಲ. ಅವು ಗುಂಪಾಗಿ ಸೇರುವ ತಾಣದಲ್ಲಿ ಇಟ್ಟು ಹೋಗುತ್ತದೆ. ಒಡೆದು ಬಂದ ಕಣದಷ್ಟು ಮರಿ ತಾನೇ ತೆವಳಿ, ಹಾದುಹೋಗುವ ವುಡ್‌ಲೌಸ್ ಒಂದನ್ನು ಹಿಡಿದು, ಗಟ್ಟಿ ಹಲ್ಲೆಗಳ ನಡುವಿನ ಮೆತ್ತನೆಯ ಪೊರೆಯನ್ನು ಕೊರೆದು ಒಳಸೇರಬೇಕು. ಸಿಗದಿದ್ದರೆ ಸಾವು. ಒಳಸೇರಿದ್ದು ಒಡಲನ್ನೇ ತಿಂದು ಬೆಳೆದು, ಟೊಳ್ಳಾದ ಆ ಚಿಪ್ಪಿನಲ್ಲಿಯೇ ಕೋಶವಾಗಿ, ಕಡೆಗೆ ನೊಣವಾಗಿ ಹೊರಬೀಳುತ್ತದೆ. ಕೇಳಲು ಕ್ರೂರ, ಆದರೆ ಆ ಮರಿಗೆ ಬೇರೆ ಊಟವಿಲ್ಲ.

ಇಷ್ಟು ಮಾಡಿದರೂ ಮೈಗೆನ್ನರ ಮನೆಯ ಕಷ್ಟ ತೀರಲಿಲ್ಲ. ಮುಪ್ಪಿನಲ್ಲಿ ತಮ್ಮ ನೊಣಗಳ ಸಂಗ್ರಹವನ್ನೂ, ಕೈಯಾರೆ ಬಣ್ಣ ತುಂಬಿದ ನೂರಾರು ಚಿತ್ರಪಟಗಳನ್ನೂ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯಕ್ಕೆ ಮಾರಿದರು. ಬಾನ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿದಾಗ ಅವರ ಆಯುಷ್ಯದಲ್ಲಿ ಉಳಿದದ್ದು ಸ್ವಲ್ಪವೇ ಕಾಲ. 1845ರ ಜುಲೈ 11ರಂದು, 81ನೆಯ ವಯಸ್ಸಿನಲ್ಲಿ, ಸ್ಟೋಲ್‌ಬರ್ಗ್‌ನಲ್ಲಿಯೇ ತೀರಿಕೊಂಡರು. ಸೂಜಿಗೆ ಚುಚ್ಚಿದ ಆ ನೊಣಗಳು ಪ್ಯಾರಿಸ್ಸಿನಲ್ಲಿ ಈಗಲೂ ಇವೆ.