ಗಂಗಾಮೂಲದಿಂದ ಕೇಡಗಾಂವ್‌ಗೆ: ಪಂಡಿತಾ ರಮಾಬಾಯಿ ಸವೆಸಿದ ಹಾದಿ

ಯೆರವಡಾ: ರಜೆಯಲ್ಲಿ ಗುಲ್ಬರ್ಗಾ, ವಿಜಾಪುರದ ಕಡೆ ಊರಿಗೆ ಹೊರಡುವ ಇಲ್ಲಿನ ಕನ್ನಡಿಗರು ಪುಣೆ ಸ್ಟೇಷನ್ನಿನಲ್ಲಿ ಸೊಲ್ಲಾಪುರದ ಗಾಡಿ ಹತ್ತುತ್ತಾರೆ. ದೌಂಡ್ ಬರುವುದಕ್ಕೆ ಮುಂಚೆ ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಹಾದುಹೋಗುತ್ತದೆ. ಯೆರವಡಾ ಎಂದೊಡನೆ ಜೈಲು, ಗಾಂಧೀಜಿ, 1932ರ ಪುಣೆ ಒಪ್ಪಂದ ನೆನಪಾಗುವ ನಮಗೆ ಕೇಡಗಾಂವ್ ಎಂದರೆ ಏನೂ ನೆನಪಾಗುವುದಿಲ್ಲ. ಆದರೆ ಅಲ್ಲಿ ದುಡಿದು ಅಲ್ಲೇ ಮಣ್ಣಾದ ಪಂಡಿತಾ ರಮಾಬಾಯಿ ಹುಟ್ಟಿದ್ದು ನಮ್ಮ ಕನ್ನಡ ನೆಲದಲ್ಲಿ ಎಂಬುದನ್ನು ಸಂಘದ ಸದಸ್ಯರು, ಅದರಲ್ಲೂ ಕಾರ್ಕಳ ಕಡೆಯವರು, ತಿಳಿದಿರಬೇಕು.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು, ಸಂಸ್ಕೃತ ಪಂಡಿತರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದೇ ಅವರ ಅಪರಾಧವಾಯಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಂಗಸರು ಓದಬಾರದೆಂದು ಶಾಸ್ತ್ರ ಹೇಳಿಲ್ಲವೆಂದು ಅವರು ಸಮರ್ಥಿಸಿಕೊಂಡರು. ನಂತರ ಘಟ್ಟದ ಮೇಲೆ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಮಾಡಿಕೊಂಡರು. 1858ರ ಏಪ್ರಿಲ್ 23ರಂದು ರಮಾಬಾಯಿ ಅಲ್ಲಿ ಜನಿಸಿದರು. ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ಸಂಸಾರ ಕಾಡು ಬಿಟ್ಟು ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ.

ಆಮೇಲೆಲ್ಲ ತೀರ್ಥಯಾತ್ರೆ, ಪುರಾಣ ಪ್ರವಚನ. ವಯಸ್ಸಾಗಿದ್ದ ತಂದೆಗೆ ಪಾಠಕ್ಕೆ ಬಿಡುವಿಲ್ಲ, ತಾಯಿಗೆ ಹಗಲೆಲ್ಲ ಕೆಲಸ. ಸಿಕ್ಕ ಸಮಯ ಒಂದೇ, ಬೆಳಕು ಹರಿಯುವ ಮುಂಚಿನದು. ನಿದ್ದೆಗಣ್ಣಿನ ಮಗುವನ್ನು ಎಬ್ಬಿಸಿ, ಮುದ್ದಿಸಿ, ಹಕ್ಕಿಗಳು ಕೂಗುವ ಹೊತ್ತಿಗೆ ತಾಯಿ ಬಾಯಿಪಾಠ ಹೇಳಿಸುತ್ತಿದ್ದರು. ಪುಸ್ತಕವಿಲ್ಲದ ಶಾಲೆ ಅದು. ಹನ್ನೆರಡನೇ ವಯಸ್ಸಿಗೆ 18,000 ಶ್ಲೋಕ ಕಂಠಸ್ಥ. ಮರಾಠಿಯ ಜೊತೆ ಕನ್ನಡ, ಹಿಂದಿ, ಬಂಗಾಳಿಗಳು ತಿರುಗಾಟದಲ್ಲೇ ಬಂದವು. ಹೊತ್ತನ್ನು ಹೀಗೆ ಹಿಂಡಿ ಬಳಸುವುದನ್ನು ರಮಾಬಾಯಿ ಕಲಿತದ್ದು ಮುಂದೆ ಸೇರಿದ ಚರ್ಚಿನಿಂದಲ್ಲ, ಈ ತಾಯಿಯಿಂದ ಎಂದು ನನ್ನ ಅನಿಸಿಕೆ.

1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ತೀರಿಕೊಂಡರು. ಅಣ್ಣ ಶ್ರೀನಿವಾಸನೊಡನೆ ನಡೆಯುತ್ತಲೇ 1878ರಲ್ಲಿ ಕಲ್ಕತ್ತಾ ತಲುಪಿದ ಇಪ್ಪತ್ತರ ಹುಡುಗಿಗೆ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಹೋದ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಅವರೊಡನೆ ಜಾತಿ ಮೀರಿದ ಮದುವೆ, 1881ರಲ್ಲಿ ಮಗಳು ಮನೋರಮಾ, 1882ರ ಫೆಬ್ರವರಿಯಲ್ಲಿ ಕಾಲರಾದಿಂದ ಪತಿಯ ಮರಣ. ಇಪ್ಪತ್ತನಾಲ್ಕು ತುಂಬುವ ಮೊದಲೇ ಒಂದು ಹಸುಗೂಸಿನ ಹೊರತು ತನ್ನವರೆನ್ನುವವರು ಯಾರೂ ಉಳಿಯಲಿಲ್ಲ.

ಅದೇ ವರ್ಷ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಶಿಕ್ಷಕಿಯರು, ಲೇಡಿ ಡಾಕ್ಟರುಗಳು ಬೇಕೆಂದು ಸಾಕ್ಷ್ಯ ನುಡಿದರು. 1883ರಲ್ಲಿ ಇಂಗ್ಲೆಂಡಿಗೆ ಪಯಣ. ಡಾಕ್ಟರಿಕೆ ಓದುವ ಆಸೆಗೆ ಕಿವಿ ಮಂದವಾದದ್ದು ಅಡ್ಡ ಬಂತು. ಜಾರಿಬಿದ್ದ ಹೆಂಗಸರಿಗೂ ಅಲ್ಲಿನ ಸಿಸ್ಟರುಗಳು ಆಸರೆ ಕೊಡುವುದನ್ನು ಕಂಡು, ಸಮಾರ್ಯದ ಹೆಂಗಸಿನೊಡನೆ ಯೇಸು ಮಾತಾಡಿದ ಪ್ರಸಂಗವನ್ನು ಓದಿ ಮನಸ್ಸು ತಿರುಗಿತು. ಆ ಸೆಪ್ಟೆಂಬರಿನಲ್ಲಿ ವಾಂಟೇಜ್‌ನಲ್ಲಿ ದೀಕ್ಷಾಸ್ನಾನವಾಯಿತು. ಹಾಗೆಂದು ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸಿದವರಲ್ಲ. ಸಿದ್ಧಾಂತಗಳ ಬಗ್ಗೆ ಅವರೊಡನೆ ವಾದ ಮಾಡಿದರು. ಸಸ್ಯಾಹಾರವನ್ನೂ ಬಿಡಲಿಲ್ಲ.

ಮುಂದಿನ ಭಾಗ ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಬಹಳ ಹಿಡಿಸಿದ್ದು. 1887ರಲ್ಲಿ ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘ ಸ್ಥಾಪನೆಯಾಗಿ, ಬಾಲವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡಲು ಒಪ್ಪಿತು. ಹತ್ತೇ ವರ್ಷ! 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಆರಂಭವಾದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಮುಂದೆ ಮಹರ್ಷಿ ಕರ್ವೆಯವರ ಕೈಹಿಡಿದ ಗೋದೂಬಾಯಿ ಆರಂಭದ ವಿದ್ಯಾರ್ಥಿನಿಯರಲ್ಲಿ ಒಬ್ಬರು. ಅವಧಿ ಮುಗಿದ ಮೇಲೆ ಕೈಚಾಚಬಾರದೆಂದು ರಮಾಬಾಯಿ ಕೇಡಗಾಂವ್‌ನಲ್ಲಿ ಸುಮಾರು ನೂರು ಎಕರೆ ಬರಡು ಜಮೀನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡ ನೆಡಿಸಿದರು. ಡಿಪಾಜಿಟ್ ಮುಗಿಯುವ ಮುಂಚೆ ಮುಂದಿನ ವ್ಯವಸ್ಥೆ ಮಾಡಿಕೊಳ್ಳುವ ಗಿರಾಕಿಗಳು ಈಗಲೂ ವಿರಳ.

ಇಷ್ಟರೊಳಗೆ 1893ರ ಗಲಾಟೆ ನಡೆದುಹೋಗಿತ್ತು. ಧರ್ಮದ ವಿಷಯದಲ್ಲಿ ಸದನ ತಟಸ್ಥ ಎಂದು ಮಾತಾಗಿತ್ತು. ಆದರೆ ಅವರ ಪ್ರಾರ್ಥನೆಗೆ ಹುಡುಗಿಯರು ಬಂದು ಕೂರತೊಡಗಿದರು, ಅವರು ಬಾಗಿಲು ಹಾಕಲಿಲ್ಲ. ತಿಲಕರ ‘ಕೇಸರಿ’ ಕಟುವಾಗಿ ಟೀಕಿಸಿತು, ರಾನಡೆ, ಭಂಡಾರ್ಕರ್ ಸಲಹಾ ಸಮಿತಿಯಿಂದ ಹೊರಬಂದರು, ಪಾಲಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಕರೆದೊಯ್ದರು. ನಂಬಿ ಕಳಿಸಿದವರಿಗೆ ನೋವಾದದ್ದು ಸಹಜ. ಆದರೆ ಮರಳಿ ಹೋದ ಹುಡುಗಿಯರ ಪಾಡೇನಾಯಿತು ಎಂಬ ಪ್ರಶ್ನೆಯನ್ನೂ ಕೇಳಬೇಕಲ್ಲವೇ?

1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿತ್ತು. ಹಸಿವು ಏನೆಂದು ಬಲ್ಲ ರಮಾಬಾಯಿ ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು, ಹೀಗಾಗಿ ಎಲ್ಲರೂ ಕೇಡಗಾಂವ್‌ಗೆ. ಅದೇ ಮುಕ್ತಿ ಮಿಷನ್. 1900ರ ಗುಜರಾತಿನ ಬರದ ನಂತರ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಬಂತು. ನೇಯ್ಗೆ, ಎಣ್ಣೆ ಗಾಣ, ಹೈನು, ಪ್ರೆಸ್ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೆ, ಮುದುಕಿಯರಿಗೆ ಬೇರೆ ಬೇರೆ ವಿಭಾಗಗಳಿದ್ದವು. 1912ರ ಸುಮಾರಿಗೆ ಮಗಳು ಮನೋರಮಾ ನಮ್ಮ ಗುಲ್ಬರ್ಗಾದಲ್ಲೂ ಶಾಲೆ ತೆರೆದರು.

ಇಷ್ಟು ಜನರ ಅನ್ನ, ಬಟ್ಟೆಯ ಹೊಣೆ ಹೊತ್ತೂ ಐವತ್ತರ ಹೊಸ್ತಿಲಲ್ಲಿ ಮತ್ತೊಂದು ಕೆಲಸಕ್ಕೆ ಕೈಹಾಕಿದರು. ಆಗಿದ್ದ ಮರಾಠಿ ಬೈಬಲ್ಲಿನಲ್ಲಿ ಸಂಸ್ಕೃತ ಜಾಸ್ತಿ, ಹಳ್ಳಿ ಹೆಂಗಸಿಗೆ ತಿಳಿಯದು. ಸಂಸ್ಕೃತ ಪಂಡಿತೆಯೇ ಸಂಸ್ಕೃತ ಬಿಟ್ಟು ಆಡುಮಾತಿಗೆ ಇಳಿದರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಕಲಿತರು. ಆಶ್ರಮದ ಹುಡುಗಿಯರೇ ಅಕ್ಷರ ಜೋಡಿಸಿದರು. ಹದಿನೈದು ವರ್ಷಕ್ಕೂ ಮೇಲೆ ನಡೆದ ಕೆಲಸವಿದು. 1919ರಲ್ಲಿ ಸರ್ಕಾರದಿಂದ ಕೈಸರ್-ಇ-ಹಿಂದ್ ಚಿನ್ನದ ಪದಕ ಬಂತು. 1921ರ ಜುಲೈಯಲ್ಲಿ, ಸಂಸ್ಥೆಯನ್ನು ವಹಿಸಿಕೊಳ್ಳಬೇಕಿದ್ದ ಮನೋರಮಾ ನಲವತ್ತನೇ ವಯಸ್ಸಿಗೆ ತೀರಿಕೊಂಡರು.

ತಾಯಿಯ ದೇಹವೂ ಕುಗ್ಗಿತ್ತು. ಬೈಬಲ್ಲಿನ ಕೊನೆಯ ಪ್ರೂಫು ಬಾಕಿ. ಅದನ್ನು ತಿದ್ದಿ ಮುಗಿಸಲು ಹತ್ತು ದಿನ ಮಾತ್ರ ಕೊಡು ಎಂದು ಅವರು ದೇವರಲ್ಲಿ ಬೇಡಿದರೆಂದೂ ಹತ್ತನೇ ದಿನ ಪ್ರೂಫು ಮುಗಿಯಿತೆಂದೂ ಮುಕ್ತಿಯಲ್ಲಿ ಹೇಳುತ್ತ ಬಂದಿದ್ದಾರೆ. 1922ರ ಏಪ್ರಿಲ್ 5ರಂದು ಅವರು ಕೊನೆಯುಸಿರೆಳೆದರು. ಬೈಬಲ್ ಅಚ್ಚಾಗಿ ಹೊರಬಂದದ್ದು 1924ರಲ್ಲಿ. ಮುಕ್ತಿ ಮಿಷನ್ ಈಗಲೂ ಕೇಡಗಾಂವ್‌ನಲ್ಲಿ ನಿರಾಶ್ರಿತ ಹೆಂಗಸರು ಮಕ್ಕಳಿಗೆ ನೆರಳಾಗಿ ನಡೆಯುತ್ತಿದೆ.